ಕಬ್ಬಣ ಕಡಿಯೋ ಛೇನಿ: ಆರಿಸೋದು, ಸಾಣಿ ಹಿಡಿಯೋದು, ಹೊಡಿಯೋದು, ಹದ ಹಾಕೋದು

ಈಗ ಯಾವ ವರ್ಕ್‌ಶಾಪಿಗೆ ಹೋದ್ರೂ ಎಲ್ಲಾದಕ್ಕೂ ಆಂಗಲ್ ಗ್ರೈಂಡರೇ. ನಟ್ ಜಾಮ್ ಆಗ್ಯಾದ, ಗ್ರೈಂಡರ್ ತಾ. ಪತ್ರಾ ಕಡಿಬೇಕು, ಗ್ರೈಂಡರ್ ತಾ. ನಾ ಬ್ಯಾಡ ಅನ್ನಂಗಿಲ್ಲ, ನಾನೂ ಅದನ್ನೇ ತಗೋತೀನಿ ಭಾಳ ಸಲ. ಆದ್ರ ಕಲಬುರಗಿ ದಾಲ್ ಮಿಲ್ಲಿನ ಒಳಗ ಹೋಗಿ ನೋಡ್ರಿ, ತೊಗರಿ ಹೊಟ್ಟಿನ ಧೂಳು ಗಾಳಿಯೊಳಗ ತುಂಬಿರ್ತದ, ಅಲ್ಲಿ ಗ್ರೈಂಡರ್ ಕಿಡಿ ಹಾರಿಸಿದ್ರ ಮಾಲಕ ಓಡಿ ಬಂದು ಕೈ ಹಿಡಿತಾನ, ಹಿಡಿಲೇಬೇಕು ಕೂಡ, ಯಾಕಂದ್ರ ಆ ಧೂಳು ಬೆಂಕಿ ಹಿಡಿಯೋ ಸಾಮಾನು. ಯಾದಗಿರಿ ಕಡೆ ಹತ್ತಿ ಜಿನ್ನಿಂಗ್ ಮಿಲ್ಲಿನಾಗೂ ಅದೇ ಕತಿ. ಹೊಲದಾಗ ಕುಂಟಿ ಬೋಲ್ಟ್ ತುಕ್ಕು ಹಿಡಿದು ಕುಂತಾಗ ಅಲ್ಲಿ ಕರೆಂಟ್ ಎಲ್ಲಿಂದ ತರ್ತೀರಿ? ಮಷಿನ್ ಸಂದಿಯೊಳಗ ಡಿಸ್ಕ್ ಹೋಗದ ಜಾಗಾ ಇರ್ತಾವ, ಬುಷ್ ಒಳಗ ಎಣ್ಣಿ ಹರಿಯೋ ಗಾಡಿ, ಅಂದ್ರ ಕಾಲುವಿ ಹಂಗಿನ ಸಾಲು, ಕೊರಿಬೇಕಾಗಿರ್ತದ. ಅಲ್ಲೆಲ್ಲಾ ಒಂದು ಛೇನಿ, ಒಂದು ಹತೋಡಿ ಇದ್ರ ಕೆಲಸ ಆಗ್ತದ. ಛೇನಿಯಿಂದಲೂ ಒಮ್ಮೊಮ್ಮಿ ಕಿಡಿ ಹಾರ್ತದ ಅದು ಬ್ಯಾರೆ ಮಾತು, ಅದಕ್ಕ ಧೂಳು ಇರೋ ಕಡೆ ಮೊದಲು ಮಷಿನ್ ಬಂದ್ ಮಾಡಿ, ಜಾಗಾ ಗುಡಿಸಿ, ಒದ್ದಿ ಗೋಣಿ ಹಾಸ್ಕೊಂಡೇ ಕೂಡ್ರಿ.

ಭಾಳ ಜನ ಛೇನಿ ಅಂದ್ರ ಜೋರು ಹಾಕಿ ಹೊಡಿಯೋ ಕೆಲಸ ಅನ್ಕೋತಾರ. ಜೋರಿಂದ ಆಗೋದು ಕಮ್ಮಿ ಅದ. ಬಾಯಿ ಎಷ್ಟು ಕೋನಕ್ಕ ಸಾಣಿ ಹಿಡಿದೀರಿ, ಎಷ್ಟು ಓರೆ ಮಾಡಿ ಹಿಡ್ಕೊಂಡೀರಿ, ಈ ಎರಡು ಸರಿ ಇದ್ರ ಸಣ್ಣ ಹುಡುಗನೂ ಕಬ್ಬಣ ಕಡಿತಾನ, ಇವೆರಡು ತಪ್ಪಿದ್ರ ಪೈಲ್ವಾನ್ ಬಂದ್ರೂ ಛೇನಿ ಜಾರ್ತದ ಇಲ್ಲಾ ಬಾಯಿ ಮುರಿತದ. ಅದಕ್ಕ ಈ ಬರವಣಿಗೆ ತುಂಬ ಕೋನದ ಮಾತೇ ಜಾಸ್ತಿ ಬರ್ತದ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಮೊದಲು ಯಾವ ಛೇನಿ ಬೇಕು ಅನ್ನೋದು. ಇಲ್ಲಿ ಹೇಳ್ತಿರೋದು ತಣ್ಣಗಿರೋ ಲೋಹ ಕಡಿಯೋ ಛೇನಿ, ಕೋಲ್ಡ್ ಚಿಸಲ್ ಅಂತ ಅಂಗಡಿಯಾಗ ಕೇಳ್ರಿ, ಕೊಡ್ತಾರ. ಶಹಾಬಾದ್ ಕಲ್ಲು ಕಡಿಯೋ ಚಾಣ ಬ್ಯಾರೆ, ಬಡಿಗ್ಯಾರ ಉಳಿ ಬ್ಯಾರೆ. ಫ್ಲ್ಯಾಟ್ ಛೇನಿ ಒಂದು ಇರಲೇಬೇಕು, ಬಾಯಿ 20 ಮಿ.ಮೀ. ಸುಮಾರು ಅಗಲ, ಉದ್ದ 150 ರಿಂದ 200 ಮಿ.ಮೀ., ಮನಿ ಕೆಲಸಕ್ಕ, ಗ್ಯಾರೇಜಿಗೆ ಮುಕ್ಕಾಲು ಪಾಲು ಇದರಾಗೇ ಮುಗೀತದ. ಎರಡನೇದು ಕ್ರಾಸ್ ಕಟ್, ಇದರ ಬಾಯಿ ಸಣ್ಣದು, 6 ರಿಂದ 10 ಮಿ.ಮೀ., ಚಾವಿ ಗಾಡಿ ಅಂದ್ರ ಕೀ ವೇ (ಪುಲ್ಲಿ ಶಾಫ್ಟಿನ ಮ್ಯಾಲ ಜಾರದಂಗ ಚಾವಿ ಕೂಡಿಸೋ ಗಾಡಿ) ಕೊರಿಯೋಕ, ಅಗಲ ಮೈ ಇಳಿಸೋ ಮುಂಚೆ ಸಾಲು ಹಾಕೋಕ. ಇದನ್ನ ತಗೊಳ್ಳಾಗ ಒಂದು ನೋಡ್ರಿ, ಬಾಯಿ ಹತ್ರ ಅಗಲ ಸ್ವಲ್ಪ ಜಾಸ್ತಿ ಇದ್ದು ಹಿಂದ ಸಣ್ಣ ಆಗಿರ್ಬೇಕು, ಉಲ್ಟಾ ಇದ್ರ ಗಾಡಿಯೊಳಗ ಹೋಗಿ ಸಿಕ್ಕೊಂಡು ಬಿಡ್ತದ, ಆಮ್ಯಾಲ ಅದನ್ನ ತಗಿಯೋದೇ ಒಂದು ಕೆಲಸ. ಹಾಫ್ ರೌಂಡ್ ಅಂತ ಒಂದು ಬರ್ತದ, ಬಾಯಿ ಗುಂಡಗ, ಬೇರಿಂಗ್ ಬುಷ್ ಒಳಗ ಎಣ್ಣಿ ಹರಿಯೋ ಗಾಡಿಗೆ. ಡೈಮಂಡ್ ಪಾಯಿಂಟ್ ಮೂಲಿ ಸ್ವಚ್ಛ ಮಾಡಾಕ. ಇವೆರಡು ಬೇಕಾದಾಗ ತಗೊಂಡ್ರ ನಡೀತದ, ಮೊದಲೇ ಸೆಟ್ ತಗೊಂಡು ಡಬ್ಬಿಯೊಳಗ ಇಟ್ರ ತುಕ್ಕು ಹಿಡಿತಾವ ಅಷ್ಟೇ.

ಅಂಗಡಿಯಾಗ ತಾಪಾರಿಯಾದಂಥ ಹೆಸರಿರೋ ಕಂಪನಿದು ಸಿಗ್ತದ, ಹೆಸರಿಲ್ಲದ ಲೋಕಲ್ ಮಾಲೂ ಸಿಗ್ತದ. ಲೋಕಲ್ ಎಲ್ಲಾ ಕೆಟ್ಟದ್ದು ಅಂತ ಇಲ್ಲ, ಆದ್ರ ಪರೀಕ್ಷೆ ಮಾಡಿ ತಗೋರಿ. ಜೇಬಿನಾಗ ಒಂದು ಹಳಿ ಸಣ್ಣ ಕಾನಸು (ಅರ, ಫೈಲ್) ಇಟ್ಕೊಂಡು ಹೋಗ್ರಿ. ಬಾಯಿ ಹತ್ರ ಕಾನಸು ಎಳೆದ್ರ ಜಾರಬೇಕು, ಭಾಳಂದ್ರ ಒಂಚೂರು ಕಚ್ಚಬೇಕು. ತಲಿ ಕಡೆ ಎಳೆದ್ರ ಛಲೋ ಕಚ್ಚಬೇಕು. ಎರಡೂ ಕಡೆ ಕಚ್ಚಿದ್ರ ಅದು ಬರೇ ಕಬ್ಬಣ, ಮೊದಲನೇ ನಟ್‌ಗೇ ಬಾಯಿ ಮಡಚ್ತದ. ಎರಡೂ ಕಡೆ ಜಾರಿದ್ರ ಇನ್ನೂ ಡೇಂಜರ್, ಗಟ್ಟಿ ತಲಿ ಮ್ಯಾಲ ಗಟ್ಟಿ ಹತೋಡಿ ಬಿದ್ರ ಚೂರು ಸಿಡಿತದ, ಅದು ಎಲ್ಲಿ ಹೋಗಿ ಕೂಡ್ತದ ಯಾರಿಗೂ ಗೊತ್ತಿಲ್ಲ. ಅಂಗಡಿಯವರು ಮುಖ ಗಂಟು ಹಾಕಿದ್ರ ಹಾಕ್ಲಿ.

ಈಗ ಕೋನಕ್ಕ ಬರೋಣ. ಐಟಿಐ ಫಿಟ್ಟರ್ ಟ್ರೇಡ್ ಓದಿದವರಿಗೆ ಈ ಲೆಕ್ಕ ಬಾಯಿಪಾಠ ಇರ್ತದ: ಹೈ ಕಾರ್ಬನ್ ಸ್ಟೀಲಿಗೆ 65 ಡಿಗ್ರಿ, ಬೀಡಿನ ಕಬ್ಬಣಕ್ಕ (ಕಾಸ್ಟ್ ಐರನ್) 60, ಮೈಲ್ಡ್ ಸ್ಟೀಲಿಗೆ 55, ಹಿತ್ತಾಳಿಗೆ 50, ತಾಂಬ್ರಕ್ಕ 45, ಅಲ್ಯೂಮಿನಿಯಂಗೆ 30. ಅಂದ್ರ ಸಾಮಾನು ಗಟ್ಟಿ ಇದ್ದಷ್ಟೂ ಬಾಯಿ ಮೊಂಡ, ಮೆತ್ತಗ ಇದ್ದಷ್ಟೂ ಬಾಯಿ ಚೂಪ. ಕಾರಣ ಸೀದಾ ಅದ, ಚೂಪ ಬಾಯಿ ಹಿಂದ ಲೋಹ ಕಮ್ಮಿ ಇರ್ತದ, ಗಟ್ಟಿ ಸ್ಟೀಲಿಗೆ ಬಡಿದ್ರ ತಡಕೊಳ್ಳಂಗಿಲ್ಲ, ಚಕ್ಕಿ ಏಳ್ತದ. ಮೊಂಡ ಬಾಯಿ ತಗೊಂಡು ಅಲ್ಯೂಮಿನಿಯಂಗೆ ಹೊಡೆದ್ರ ಅದು ಕಡಿಯೋದ್ರ ಬದಲಿ ಒತ್ತಿ ತಳ್ತದ, ಅಂಚು ಉಬ್ಬಿ ಕೂಡ್ತದ. ನಮ್ಮ ಕಡೆ ಕೆಲಸದಾಗ ಹೆಚ್ಚು ಬರೋದು ಮೈಲ್ಡ್ ಸ್ಟೀಲ್, ಬೀಡು ಇವೆರಡೇ, ಆದ್ದರಿಂದ ಒಂದೇ ಛೇನಿ ಇದ್ರ 60ಕ್ಕ ಮಾಡಿ ಇಟ್ಕೊಂಡುಬಿಡ್ರಿ, ಎರಡಕ್ಕೂ ಸಾಗ್ತದ.

60 ಡಿಗ್ರಿ ಅಳೆಯೋದು ಹ್ಯಾಂಗ ಅಂತ ಕೇಳ್ತೀರಿ. ಇದಕ್ಕೊಂದು ಸುಲಭ ಲೆಕ್ಕ ಅದ. ಬಾಯಿಗೆ ಎರಡು ಇಳಿಜಾರು ಮುಖ ಇರ್ತಾವ ಅಲ್ವಾ, ಆ ಮುಖ ಶುರು ಆಗೋ ಜಾಗಾದಾಗ ಛೇನಿ ದಪ್ಪ ಎಷ್ಟದ ನೋಡ್ರಿ, ಮುಖದ ಉದ್ದನೂ ಅಷ್ಟೇ ಇದ್ರ ಅದು ಮೂರೂ ಬದಿ ಸಮ ಇರೋ ತ್ರಿಕೋನ, ಕೋನ ತಾನೇ 60 ಬಂತು. ಮುಖ ದಪ್ಪಕ್ಕಿಂತ ಉದ್ದ ಆದಂಗ ಕೋನ ಇಳೀತದ, ಸುಮಾರು ಎರಡು ಪಟ್ಟು ಆದ್ರ 30ರ ಹತ್ರ ಬರ್ತದ. ಸ್ಕೇಲ್ ಹಿಡಿದು ನೋಡಿದ್ರ ಸಾಕು. ಇನ್ನೂ ಸರಿ ಬೇಕಂದ್ರ ಮಕ್ಕಳ ಕಂಪಾಸ್ ಬಾಕ್ಸಿನಾಗಿನ ಕೋನಮಾಪಕ ತಗೊಂಡು ತಗಡಿನ ತುಂಡಿನ ಮ್ಯಾಲ 60, 55, 45ರ ಖಾಂಚು ಗೀರಿ ಕತ್ತರಿಸಿ ಗೇಜ್ ಮಾಡಿ ಗ್ರೈಂಡರ್ ಹತ್ರ ಮೊಳೆಗೆ ಹಾಕ್ರಿ. ಒಮ್ಮೆ ಮಾಡಿದ್ರ ಜನ್ಮಕ್ಕ ಸಾಕು, ಕೋನಮಾಪಕ ಮಾತ್ರ ವಾಪಸ್ ಕೊಡೋದು ಮರಿಬ್ಯಾಡ್ರಿ.

ಸಾಣಿ ಹಿಡಿಯಾಗ ಎಲ್ಲರೂ ಅವಸರ ಮಾಡ್ತಾರ. ಬೆಂಚ್ ಗ್ರೈಂಡರ್ ಕಲ್ಲಿಗೆ ಛೇನಿ ಒತ್ತಿ ಹಿಡಿದ್ರ ಒಂದೆರಡು ಸೆಕೆಂಡಿನಾಗ ಬಾಯಿ ತುದಿ ನೀಲಿ ಆಗ್ತದ, ನೀಲಿ ಬಂತು ಅಂದ್ರ ಅಲ್ಲಿ ಹದ (ಕಾಯಿಸಿ ಅದ್ದಿ ಕೊಟ್ಟ ಗಟ್ಟಿತನ) ಹೋಯ್ತು, 300 ಡಿಗ್ರಿ ದಾಟಿ ಬಿಸಿ ಆಗಿ ಮೆತ್ತಗ ಆಗ್ಯಾದ ಅಂತ ಅರ್ಥ. ಆಮ್ಯಾಲ ನೀರಿಗೆ ಅದ್ದಿದ್ರ ಗಟ್ಟಿತನ ವಾಪಸ್ ಬರಂಗಿಲ್ಲ. ಆ ನೀಲಿ ಭಾಗ ಪೂರ್ತಿ ಹೋಗೋ ತನಕ ನಿಧಾನಕ್ಕ ಸವೆಸಬೇಕು, ಇಲ್ಲಾ ಮತ್ತ ಹದ ಹಾಕಬೇಕು. ಅದಕ್ಕ ಹಗುರಾಗಿ ಮುಟ್ಟಿಸಿ, ಕಲ್ಲಿನ ಅಗಲದ ಮ್ಯಾಲ ಆ ಕಡೆ ಈ ಕಡೆ ಸರಿಸ್ಕೋತ, ಪ್ರತಿ ಸಲ ನೀರಾಗ ಅದ್ದಿ, ಬೆರಳಿಗೆ ಬಿಸಿ ತಾಗೋ ಮುಂಚೆನೇ ತಗಿರಿ. ನಮ್ಮ ಊರಾಗ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಡಬ್ಬಿ ನೀರೇ ಬಿಸಿ ಇರ್ತದ, ಆಗ ನೀರು ಬದಲಿಸ್ಕೋತ ಇರ್ರಿ. ಎರಡೂ ಮುಖ ಸಮ ಇರ್ಬೇಕು, ಒಂದು ಕಡೆ ಜಾಸ್ತಿ ಸವೆದ್ರ ಛೇನಿ ಗೆರಿ ಬಿಟ್ಟು ಒಂದು ಬದಿಗೆ ಎಳಿತದ. ಇನ್ನೊಂದು, ಬಾಯಿ ಗೆರಿ ಪೂರ್ತಿ ಸಪಾಟ ಬ್ಯಾಡ, ನಡುವ ಒಂಚೂರು ಉಬ್ಬಿರ್ಲಿ. ಸಪಾಟ ಇದ್ರ ಎರಡು ಮೂಲಿ ಮೊದಲು ಲೋಹಕ್ಕ ಕಚ್ಚಿ ಗುಂಡಿ ಬೀಳಿಸ್ತಾವ. ಉಬ್ಬು ಇದ್ರ ಜೋರು ನಡುವ ಬೀಳ್ತದ, ಮೂಲಿ ಉಳೀತಾವ. ಕಲ್ಲಿಗೂ ಅದರ ಮುಂದಿನ ರೆಸ್ಟಿಗೂ ನಡುವ ಸಂದಿ 3 ಮಿ.ಮೀ. ದಾಟಬಾರದು, ದಾಟಿದ್ರ ಛೇನಿ ಆ ಸಂದಿಗೆ ಎಳ್ಕೊಂಡು ಹೋಗ್ತದ, ಕಲ್ಲು ಒಡೀತದ. ಈ ಮಾತಿನಾಗ ಮಾತ್ರ ಅಡ್ಜಸ್ಟ್ ಮಾಡ್ಕೋಬ್ಯಾಡ್ರಿ.

ಹಿಡಿಯೋದು ಹೊಡಿಯೋದು ಈಗ. ಛೇನಿ ತಲಿಯಿಂದ 25 ಮಿ.ಮೀ. ಕೆಳಗ, ನಡುಬೆರಳು, ಉಂಗುರ ಬೆರಳು, ಕಿರಿಬೆರಳು ಈ ಮೂರರಾಗ ಹಿಡಿರಿ, ಹೆಬ್ಬೆರಳು ತೋರುಬೆರಳು ಸುಮ್ನ ಸಡಿಲ ಇರ್ಲಿ. ಗಟ್ಟಿ ಮುಷ್ಟಿ ಮಾಡಿ ಹಿಡಿದ್ರ ಪ್ರತಿ ಏಟಿನ ಧಕ್ಕೆ ಮಣಿಕಟ್ಟಿಗೆ ಬರ್ತದ, ಸಂಜೀಕ ಊಟದ ಗಂಗಾಳ ಎತ್ತಾಕ ಆಗಂಗಿಲ್ಲ. ಸಡಿಲ ಹಿಡಿದ್ರ ಅಕಸ್ಮಾತ್ ಹತೋಡಿ ತಪ್ಪಿ ಬಿದ್ರೂ ಕೈ ಜಾರಿ ಕೆಳಗ ಹೋಗ್ತದ, ಬೆರಳು ಜಜ್ಜಂಗಿಲ್ಲ. ಹತೋಡಿ ಹಿಡಿಕಿ ತುದಿಗೆ ಹಿಡಿರಿ, ಕುತ್ತಿಗಿ ಹತ್ರ ಹಿಡಿಯೋದು ಹೊಸಬರ ಲಕ್ಷಣ. 20 ಮಿ.ಮೀ. ಛೇನಿಗೆ ಬಾಲ್ ಪೀನ್ (ಒಂದು ತುದಿ ಗುಂಡಗ ಇರೋ) ಹತೋಡಿ 700 ಗ್ರಾಂ ಸುಮಾರು ಇದ್ರ ಸಾಕು, ಸಣ್ಣ ಕ್ರಾಸ್ ಕಟ್‌ಗೆ ಅರ್ಧ ಕೆಜಿ. ಹಗುರ ಕೆಲಸಕ್ಕ ಮಣಿಕಟ್ಟಿಂದ, ನಡುವಣ ಕೆಲಸಕ್ಕ ಮೊಣಕೈಯಿಂದ, ದಪ್ಪ ಕಡಿಬೇಕಾದ್ರ ಹೆಗಲಿಂದ ಬೀಸ್ರಿ.

ಕಣ್ಣು ಎಲ್ಲಿರ್ಬೇಕು? ಛೇನಿ ಬಾಯಿ ಮ್ಯಾಲ. ತಲಿ ಮ್ಯಾಲ ಅಲ್ಲ. ಇದು ಹೇಳಿದ್ರ ಹುಡುಗರು ನಂಬಂಗಿಲ್ಲ, ತಲಿ ನೋಡದೆ ಹೊಡೆದ್ರ ಕೈಗೆ ಬೀಳ್ತದ ಅಂತ ಹೆದರ್ತಾರ. ರೊಟ್ಟಿ ಬಡಿಯೋ ಅವ್ವ ಕೈ ನೋಡ್ಕೋತ ಬಡೀತಾಳೇನು, ರೊಟ್ಟಿ ಅಂಚು ನೋಡ್ತಿರ್ತಾಳ, ಕೈ ತಾನೇ ಬೀಳ್ತದ, ಇದೂ ಹಂಗೇ. ಬೇಕಂದ್ರ ಮೊದಲು ಒಂದು ಹಳಿ ಪಟ್ಟಿ ವೈಸಿನಾಗ (ಸಾಮಾನು ಬಿಗಿ ಹಿಡಿಯೋ ಬೆಂಚಿನ ದವಡಿ) ಹಾಕಿ ಹಗುರ ಹಗುರ ಹೊಡೆದು ರೂಢಿ ಮಾಡ್ಕೋರಿ.

ಓರೆ ಎಷ್ಟು ಇಡ್ಬೇಕು ಅಂದ್ರ, ಬಾಯಿ ಕೋನದ ಅರ್ಧ ತಗೊಂಡು ಅದಕ್ಕ ಏಳು ಡಿಗ್ರಿ ಸುಮಾರು ಸೇರಿಸ್ರಿ. ಮೈಲ್ಡ್ ಸ್ಟೀಲಿಗೆ 55ರ ಬಾಯಿ ಅಂದ್ರ ಇಪ್ಪತ್ತೇಳೂವರೆ ಪ್ಲಸ್ ಏಳು, ಮೂವತ್ನಾಲ್ಕೂವರೆ ಆಯ್ತು. ಬೀಡಿಗೆ 37, ಅಲ್ಯೂಮಿನಿಯಂಗೆ 22. ಆ ಏಳು ಡಿಗ್ರಿ ಎದಕ್ಕಂದ್ರ ಛೇನಿ ಕೆಳಗಿನ ಮುಖ ಲೋಹಕ್ಕ ಉಜ್ಜಬಾರದು, ಒಂಚೂರು ಸಂದಿ ಬೇಕು. ಕೆಲಸದ ನಡುವ ಯಾರೂ ಡಿಗ್ರಿ ಅಳೆಯಂಗಿಲ್ಲ, ಛೇನಿನೇ ಹೇಳ್ತದ: ಮ್ಯಾಲೆ ಜಾರಿ ಚಿಪ್ಪು ತೆಳ್ಳಗ ಆಗ್ಕೋತ ಹೊಂಟ್ರ ನೀವು ಭಾಳ ಮಲಗಿಸೀರಿ, ಸ್ವಲ್ಪ ಎತ್ರಿ. ಒಳಗ ಹುಗಿದು ಮುಂದ ಹೋಗದೆ ನಿಂತ್ರ ಭಾಳ ನಿಲ್ಲಿಸೀರಿ, ಸ್ವಲ್ಪ ಇಳಿಸ್ರಿ. ಒಂದೇ ಸಲ ಭಾಳ ದಪ್ಪ ತಗಿಯೋಕ ಹೋಗಬ್ಯಾಡ್ರಿ, ಒರಟು ಕೆಲಸಕ್ಕ ಒಂದೂವರೆ ಎರಡು ಮಿ.ಮೀ., ಕಡೀ ಕೈಗೆ ಅರ್ಧ ಮಿ.ಮೀ. ಸಾಕು. ಅಗಲ ಮೈ ಇಳಿಸೋದಿದ್ರ ಮೊದಲು ಕ್ರಾಸ್ ಕಟ್‌ನಿಂದ ಸಾಲು ಸಾಲು ಗಾಡಿ ಹಾಕಿ, ನಡುವ ಉಳಿದ ದಿಣ್ಣಿ ಫ್ಲ್ಯಾಟ್ ಛೇನಿಯಿಂದ ಹಾರಿಸ್ರಿ, ಆ ದಿಣ್ಣಿ ಅಗಲ ಛೇನಿ ಬಾಯಿಗಿಂತ ಕಮ್ಮಿ ಇರ್ಬೇಕು.

ಬೀಡಿನ ಕೆಲಸದಾಗ ಒಂದು ಎಚ್ಚರ. ಅಂಚಿನ ತನಕ ಒಂದೇ ದಿಕ್ಕಿನಾಗ ಹೊಡ್ಕೋತ ಹೋದ್ರ ಕೊನೀಗೆ ಅಂಚೇ ಒಡೆದು ದೊಡ್ಡ ಚೂರು ಬೀಳ್ತದ, ಹಳಿ ಪಂಪ್ ಬಾಡಿ, ಪುಲ್ಲಿ ಇಂಥಾವು ಹಿಂಗೇ ಹಾಳಾಗ್ತಾವ. ಅಂಚು ಬರೋ ಸ್ವಲ್ಪ ಮುಂಚೆ ನಿಂತು ಆ ಕಡೆಯಿಂದ ತಿರುಗಿ ಬರ್ರಿ. ಇಲ್ಲಾ ಮೊದಲೇ ಕಾನಸಿನಿಂದ ಅಂಚಿಗೆ ಇಳಿಜಾರು ಮಾಡ್ಕೋರಿ. ಹಿತ್ತಾಳಿಗೂ ಇದೇ ಮಾತು. ಮೈಲ್ಡ್ ಸ್ಟೀಲಿಗೆ ಬಾಯಿಗೆ ಒಂದು ಹನಿ ಎಣ್ಣಿ ಹಚ್ಕೋತ ಹೊಡೆದ್ರ ಹಗುರ ಆಗ್ತದ, ಬೀಡಿಗೆ ಒಣಗೇ ಹೊಡಿರಿ.

ದಿನದ ಕೆಲಸದಾಗ ಬರೋದು ಜಾಸ್ತಿ ಮೂರೇ. ಒಂದು ತುಕ್ಕು ಹಿಡಿದ ನಟ್. ಹಿಂದಿನ ರಾತ್ರಿನೇ ಡೀಸೆಲ್ ಇಲ್ಲಾ ಸೀಮಿಎಣ್ಣಿ ಹಾಕಿ ಬಿಡ್ರಿ, ಪಾನಾಕ್ಕ ಬಂದ್ರ ಛಲೋನೇ ಆಯ್ತು. ಮೂಲಿ ಸವೆದು ಪಾನಾ ಹಿಡಿಯಂಗಿಲ್ಲ ಅಂದ್ರ ಛೇನಿ ಬಾಯಿ ನಟ್‌ನ ಮೂಲಿ ಹತ್ರ ಓರೆಯಾಗಿ ಇಟ್ಟು ಬಿಚ್ಚೋ ದಿಕ್ಕಿಗೆ ಹೊಡಿರಿ, ಮೊದಲು ನೇರ ಹೊಡೆದು ಒಂದು ಗುಂಡಿ ಮಾಡ್ಕೊಂಡು ಆಮ್ಯಾಲ ಓರೆ ಮಾಡಿದ್ರ ಜಾರಂಗಿಲ್ಲ. ಅದಕ್ಕೂ ಬಗ್ಗದಿದ್ರ ಸೀಳೋದೊಂದೇ ದಾರಿ. ನಟ್‌ನ ಒಂದು ಸಪಾಟ ಮುಖದ ಮ್ಯಾಲ, ಬೋಲ್ಟ್ ಉದ್ದಕ್ಕ ಸಮ ಆಗಿ ಛೇನಿ ಇಟ್ಟು, ಆ ಕಡೆ ಭಾರ ಹತೋಡಿ ಇಲ್ಲಾ ಕಬ್ಬಣದ ಗಟ್ಟಿ ಆಸರ ಕೊಟ್ಟು ಹೊಡ್ಕೋತ ಹೋಗ್ರಿ. ಆಸರ ಇಲ್ಲದೆ ಹೊಡೆದ್ರ ಬೋಲ್ಟ್ ಬಾಗ್ತದ, ಅದು ಕೂತಿರೋ ಬೀಡಿನ ಕಿವಿ ಒಡೀತದ. ಬೋಲ್ಟಿನ ಚೂಡಿ (ಥ್ರೆಡ್) ಮುಟ್ಟೋ ಮುಂಚೆ ನಟ್ ಬಾಯಿ ಬಿಡ್ತದ, ಅಲ್ಲಿಗೆ ನಿಲ್ಲಿಸಿ ಪಾನಾ ಹಾಕಿ ತಿರುಗಿಸ್ರಿ, ಬೋಲ್ಟ್ ಉಳೀತದ.

ಎರಡನೇದು ಪತ್ರಾ. ಒಂದೂವರೆ ಎರಡು ಮಿ.ಮೀ. ತನಕ ವೈಸಿನಾಗೇ ಕಡಿಬಹುದು. ಗೆರಿ ವೈಸ್ ದವಡಿ ಮಟ್ಟಕ್ಕ ಸರಿ ಹಾಕಿ ಬಿಗಿ ಮಾಡ್ರಿ, ಛೇನಿಯ ಒಂದು ಮುಖ ದವಡಿ ಮ್ಯಾಲ ಸಪಾಟ ಕೂಡ್ಲಿ, ಪತ್ರಾಕ್ಕ ಅಡ್ಡ ಓರೆ ಇರ್ಲಿ, ಕತ್ತರಿ ಕಡಿದಂಗ ಒಂದು ತುದಿಯಿಂದ ಶುರು ಮಾಡಿ ಸರಿಸ್ಕೋತ ಹೋಗ್ರಿ. ನೆಲದ ಮ್ಯಾಲ ಹಾಸಿ ಕಡಿಯೋದಿದ್ರ ಕೆಳಗ ಮೈಲ್ಡ್ ಸ್ಟೀಲ್ ಪ್ಲೇಟ್ ಇಡ್ರಿ, ಅಡಗಲ್ಲಿನ (ಕಮ್ಮಾರರ ಆನ್ವಿಲ್) ಗಟ್ಟಿ ಮುಖದ ಮ್ಯಾಲ ಕಡಿಬ್ಯಾಡ್ರಿ, ಪತ್ರಾ ದಾಟಿ ಹೋದ ಏಟಿಗೆ ಬಾಯಿ ಹಾರ್ತದ, ಅಡಗಲ್ಲಿಗೂ ಗಾಯ. ದಪ್ಪ ಪ್ಲೇಟಿನಾಗ ದೊಡ್ಡ ತೂತು ಬೇಕಂದ್ರ ಗೆರಿ ಒಳಗ ಸಾಲಾಗಿ ಡ್ರಿಲ್ ಹೊಡೆದು, ನಡುವ ಉಳಿದ ಗೋಡಿ ಛೇನಿಯಿಂದ ಕಡೀರಿ, ಅಂಚು ಕಾನಸಿನಿಂದ ಸಾಫ್ ಮಾಡ್ರಿ. ಮೂರನೇದು ರಿವೆಟ್, ತಲಿ ಬುಡಕ್ಕ ಛೇನಿ ಇಟ್ಟು ಎರಡೂ ಕಡೆಯಿಂದ ಹೊಡೆದು ತಲಿ ಹಾರಿಸಿ, ಉಳಿದಿದ್ದನ್ನ ಪಂಚ್‌ನಿಂದ ತಳ್ಳಿದ್ರ ಮುಗೀತು.

ಬೀದರ್ ಮಂದಿ ಇಲ್ಲಿ ತನಕ ಓದಿದ್ರ ನಗ್ತಿರ್ತಾರ, ಯಾಕಂದ್ರ ಛೇನಿ ಕೆಲಸದಾಗ ಅವರ ಊರಿಂದು ಬ್ಯಾರೆನೇ ಲೆವೆಲ್. ಬಿದ್ರಿ ಸಾಮಾನು ಜಸ್ತ ಜಾಸ್ತಿ, ತಾಂಬ್ರ ಸ್ವಲ್ಪ ಹಾಕಿ ಎರಕ ಹೊಯ್ದಿದ್ದು. ಕಾನಸು ಹಾಕಿ ಸಾಫ್ ಮಾಡಿದ ಮ್ಯಾಲ ಮೈಲುತುತ್ತದ ನೀರು ಹಚ್ಚಿ ಸ್ವಲ್ಪ ಹೊತ್ತಿಗೆ ಕಪ್ಪು ಮಾಡ್ತಾರ, ಗೆರಿ ಗೀರಿದ್ದು ಬಿಳಿಯಾಗಿ ಎದ್ದು ಕಾಣ್ಲಿ ಅಂತ. ಆಮ್ಯಾಲ ಸಣ್ಣ ಸಣ್ಣ ಛೇನಿ ಹಿಡಿದು ಆ ನಕ್ಷಿ ಕೊರಿತಾರ, ಆ ಗಾಡಿಯೊಳಗ ಬೆಳ್ಳಿ ತಂತಿ ಇಲ್ಲಾ ತಗಡು ಕೂಡಿಸಿ ಬಡೀತಾರ, ಕೊನೀಗೆ ಬೀದರ್ ಕೋಟೆ ಮಣ್ಣು, ನವಸಾಗರ ಕಲಸಿ ಹಚ್ಚಿದ್ರ ಜಸ್ತದ ಮೈ ಕಪ್ಪಾಗ್ತದ, ಬೆಳ್ಳಿ ಹಂಗೇ ಹೊಳೀತದ. 2023ರಾಗ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿದ್ದು ಇದೇ ಕೆಲಸಕ್ಕ. ನಾವು ನಟ್ ಕಡಿಯೋರು ಅಲ್ಲಿಂದ ಕಲಿಯೋದು ಏನಂದ್ರ ಕೂಡ್ರೋ ರೀತಿ, ಸಾಮಾನು ಅಲ್ಲಾಡದಂಗ ಹಿಡ್ಕೊಂಡು, ಏಟು ಸಣ್ಣ, ಒಂದೇ ಸಮ. ನಮ್ಮ ಕಡೆ ವೈಸ್ ಅರ್ಧ ಬಿಗಿ ಮಾಡಿ ದೊಡ್ಡ ಏಟು ಹಾಕ್ತಾರ, ಜೋರೆಲ್ಲಾ ಸಾಮಾನು ಅಲ್ಲಾಡೋದ್ರಾಗೇ ಹೋಗ್ತದ.

ತಲಿ ವಿಷಯ. ಏಟು ತಿಂದು ತಿಂದು ಛೇನಿ ತಲಿ ಅಣಬಿ ಹಂಗ ಹೊರಗ ಮಡಚ್ತದ, ಅಂಚಿನಾಗ ಸೀಳು ಬರ್ತಾವ. ಎಲ್ಲಾ ಗ್ಯಾರೇಜಿನಾಗೂ ಇಂಥಾ ಛೇನಿ ಒಂದು ಇರ್ತದ, ಎಲ್ಲರೂ ಅದನ್ನೇ ತಗೊಂಡು ಹೊಡಿತಿರ್ತಾರ. ಆ ಸೀಳಿನ ಚೂರು ಏಟಿಗೆ ಹಾರಿದ್ರ ಅಂಗಿ ದಾಟಿ ಮೈಯಾಗ ಹೋಗ್ತದ. ಗ್ರೈಂಡರ್‌ಗೆ ಹಿಡಿದು ಮಡಚಿದ್ದೆಲ್ಲಾ ತಗದು ಅಂಚಿಗೆ ಇಳಿಜಾರು ಕೊಡೋದು ಎರಡು ನಿಮಿಷದ ಕೆಲಸ, ಆಗಾಗ ಮಾಡ್ಕೋತ ಇರ್ರಿ.

ಕನ್ನಡಕ ಹಾಕ್ರಿ ಅಂತ ಹೇಳಿದ್ರ ಬೆವರು ಬರ್ತದ, ಮಸುಕಾಗ್ತದ ಅಂತಾರ. ಬರ್ತದ, ಖರೇ. ಆದ್ರೂ ಹಾಕ್ರಿ. ಲೋಹದ ಮ್ಯಾಲ ಲೋಹ ಬಡಿಯಾಗ ಹಾರೋ ಸಣ್ಣ ಚೂರು ಕಣ್ಣು ಗುಡ್ಡಿ ಒಳಗೇ ಹೋಗಿ ಕೂಡ್ತದ, ಮೊದಲಿಗೆ ನೋವು ಕಮ್ಮಿನೇ ಇರಬಹುದು, ದೃಷ್ಟಿನೂ ಸರಿ ಅನಿಸಬಹುದು, ಒಳಗ ಕಬ್ಬಣ ಉಳಿದ್ರ ದಿನ ಹೋದಂಗ ಕಣ್ಣು ಹಾಳು ಮಾಡ್ತದ. ಹೊಡಿಯಾಗ ಕಣ್ಣಿಗೆ ಏನೋ ಬಡೀತು ಅನಿಸಿದ್ರ ಉಜ್ಜಬ್ಯಾಡ್ರಿ, ಒತ್ತಬ್ಯಾಡ್ರಿ, ಗೆಳ್ಯಾರ ಕಡೆಯಿಂದ ಕರವಸ್ತ್ರದ ತುದಿಯಿಂದ ತಗಿಸ್ಕೋಬ್ಯಾಡ್ರಿ, ಸೀದಾ ಕಣ್ಣಿನ ಡಾಕ್ಟರ್ ಹತ್ರ ಹೋಗಿ ಹತೋಡಿ ಛೇನಿ ಕೆಲಸ ಮಾಡ್ತಿದ್ದೆ ಅಂತ ಬಾಯಿ ಬಿಟ್ಟು ಹೇಳ್ರಿ, ಆ ಮಾತು ಕೇಳಿದ್ರೇ ಅವರು ಏನು ಹುಡುಕಬೇಕು ಅದನ್ನ ಹುಡುಕ್ತಾರ. ಎದುರಿಗೆ ಮಂದಿ ಓಡಾಡೋ ಜಾಗಾ ಇದ್ರ ತಗಡು ಇಲ್ಲಾ ದಪ್ಪ ಗೋಣಿ ಅಡ್ಡ ಕಟ್ರಿ, ಚಿಪ್ಪು ಹಾರೋದು ಅತ್ತ ಕಡೆಗೇ.

ಇನ್ನು ಸ್ವಂತ ಛೇನಿ ಮಾಡೋ ಹುಚ್ಚು ಇರೋರಿಗೆ. ಕಂಬಿ ತುಂಡು ತಗೊಂಡು ಮಾಡೋರು ಅದಾರ, ಟಿಎಂಟಿ ಕಂಬಿಯಾಗ ಕಾರ್ಬನ್ ಕಮ್ಮಿ, ಎಷ್ಟು ಕಾಯಿಸಿ ನೀರಿಗೆ ಹಾಕಿದ್ರೂ ಛೇನಿಗೆ ಬೇಕಾದಷ್ಟು ಗಟ್ಟಿ ಆಗಂಗಿಲ್ಲ, ಬಿಟ್ಟಾಕ್ರಿ. ಗುಜರಿಯಾಗ ಹುಡುಕಬೇಕಾದ್ದು ಲಾರಿ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್), ಜೀಪಿನ ಕಾಯಿಲ್ ಸ್ಪ್ರಿಂಗ್, ಇಲ್ಲಾ ಖಣಿಯಾಗ ಕಲ್ಲು ಒಡಿಯೋ ಬ್ರೇಕರ್‌ನ ಮುರಿದ ಬಿಟ್. ಚಿತ್ತಾಪುರ, ಶಹಾಬಾದ್ ಕಡೆ ಖಣಿ ಇರೋದ್ರಿಂದ ಇಂಥಾವು ಹುಡುಕಿದ್ರ ಸಿಗ್ತಾವ. ಗೊತ್ತಿಲ್ಲದ ತುಂಡು ಇದ್ರ ಗ್ರೈಂಡರ್‌ಗೆ ಮುಟ್ಟಿಸಿ ಕಿಡಿ ನೋಡ್ರಿ: ಉದ್ದ ಸೀದಾ ಗೆರಿ, ಹೂ ಕಮ್ಮಿ ಅಂದ್ರ ಮೈಲ್ಡ್ ಸ್ಟೀಲ್, ಗೆರಿ ಗಿಡ್ಡ, ತುದಿಗೆ ಪಟಪಟ ಅಂತ ಭಾಳ ಹೂ ಒಡೆದ್ರ ಕಾರ್ಬನ್ ಜಾಸ್ತಿ ಅದ.

ಕುಲುಮಿಯಾಗ ಕೆಂಪಗ ಕಾಯಿಸಿ ಬಾಯಿ ಚಪ್ಪಟಿ ಬಡೀರಿ, ಬಣ್ಣ ಇಳಿದ ಮ್ಯಾಲ ಬಡಿಬ್ಯಾಡ್ರಿ, ಒಳಗ ಬಿರುಕು ಬಿಡ್ತದ. ಆಕಾರ ಬಂದ ಮ್ಯಾಲ ಮತ್ತೊಮ್ಮೆ ಕೆಂಪಗ ಮಾಡಿ ಒಣ ಬೂದಿಯೊಳಗ ಹುಗಿದು ರಾತ್ರಿ ಬಿಡ್ರಿ. ಬೆಳಿಗ್ಗಿ ಮೆತ್ತಗ ಆಗಿರ್ತದ, ಕಾನಸು ಹಾಕಿ ಮುಖ ಮಾಡ್ಕೋರಿ.

ಈಗ ಹದ ಹಾಕೋದು, ಇದನ್ನ ನೆರಳಿನಾಗ ಇಲ್ಲಾ ಸಂಜೀಕ ಮಾಡ್ರಿ. ನಮ್ಮ ಕಡೆ ಬಿಸಿಲಿನಾಗ ಕಾದ ಕಬ್ಬಣದ ಬಣ್ಣ ಸರಿ ಕಾಣಂಗಿಲ್ಲ, ಕೆಂಪು ಬಂದಿದ್ರೂ ಬಂದಿಲ್ಲ ಅನಿಸಿ ಜಾಸ್ತಿ ಕಾಯಿಸಿ ಬಿಡ್ತೀರಿ. ಬಾಯಿ ಕಡೆ ಒಂದು ಮೂರು ನಾಲ್ಕು ಸೆಂಟಿಮೀಟರ್ ಚೆರ್ರಿ ಕೆಂಪಿಗೆ ತರ್ರಿ. ಬಣ್ಣದ ಮ್ಯಾಲ ನಂಬಿಕಿ ಇಲ್ಲಾಂದ್ರ ತಂತಿಗೆ ಕಟ್ಟಿದ ಹಳಿ ಸ್ಪೀಕರ್ ಮ್ಯಾಗ್ನೆಟ್ ಹತ್ರ ಹಿಡಿರಿ, ಕಬ್ಬಣ 770 ಡಿಗ್ರಿ ಹತ್ರ ಬಂದಾಗ ಮ್ಯಾಗ್ನೆಟ್‌ಗೆ ಅಂಟೋದು ಬಿಡ್ತದ, ಅಲ್ಲಿಂದ ಇನ್ನೊಂಚೂರು ಕಾಯಿಸಿದ್ರ ಸಾಕು. ಸಾದಾ ಕಾರ್ಬನ್ ಸ್ಟೀಲ್ ಆದ್ರ ನೀರಿಗೆ, ಕಮಾನ್ ಪಟ್ಟಿ ಆದ್ರ ಎಣ್ಣಿಗೆ. ಕಮಾನ್ ಪಟ್ಟಿಯಾಗ ಸಿಲಿಕಾನ್ ಮ್ಯಾಂಗನೀಸ್ ಇಲ್ಲಾ ಕ್ರೋಮಿಯಂ ಇರ್ತಾವ, ನೀರಿಗೆ ಹಾಕಿದ್ರ ಟಕ್ ಅಂತ ಸೀಳೋ ಚಾನ್ಸ್ ಜಾಸ್ತಿ. ಎಣ್ಣಿ ಕಬ್ಬಣದ ಡಬ್ಬಿಯಾಗ ಇರ್ಲಿ, ಪ್ಲಾಸ್ಟಿಕ್ ಬ್ಯಾಡ, ಪಕ್ಕದಾಗ ಮುಚ್ಚಾಕ ತಗಡು ಇರ್ಲಿ, ಬೆಂಕಿ ಹತ್ತಿದ್ರ ಮುಚ್ಚಿಬಿಡ್ರಿ, ನೀರು ಸುರಿಬ್ಯಾಡ್ರಿ. ಬಾಯಿ 20, 25 ಮಿ.ಮೀ. ಅಷ್ಟೇ ನೆಟ್ಟಗ ಅದ್ದಿ ಮ್ಯಾಲ ಕೆಳಗ ಆಡಿಸ್ಕೋತ ಇರ್ರಿ. ಒಂದೇ ಮಟ್ಟಕ್ಕ ನಿಲ್ಲಿಸಿದ್ರ ಆ ಮಟ್ಟದ ಗೆರಿಯಾಗೇ ಆಮ್ಯಾಲ ಮುರಿತದ.

ಬಾಯಿ ತಣ್ಣಗಾದ ತಕ್ಷಣ ಹೊರಗ ತಗದು ಎಮರಿ ಇಲ್ಲಾ ಮುರಿದ ಸಾಣಿಕಲ್ಲಿನ ತುಂಡಿನಿಂದ ಒಂದು ಮುಖ ಬೆಳ್ಳಗಾಗೋ ತನಕ ಉಜ್ರಿ, ಎಣ್ಣಿಯಿಂದ ತಗದಿದ್ರ ಮೊದಲು ಒರೆಸ್ರಿ, ಜಲ್ದಿ ಮಾಡ್ರಿ. ಹಿಂದಿನ ಭಾಗ ಇನ್ನೂ ಕಾದಿರ್ತದ, ಆ ಬಿಸಿ ಮುಂದಕ್ಕ ಹರ್ಕೋತ ಬರ್ತದ, ಅದರ ಜೋಡಿ ಬಣ್ಣನೂ ಸಾಲಾಗಿ ಬಾಯಿ ಕಡೆ ಓಡಿ ಬರ್ತಾವ: ಮೊದಲು ಜ್ವಾಳದ ದಂಟಿನ ಹಳದಿ, ಅದು 230 ಡಿಗ್ರಿ ಸುಮಾರು, ಆಮ್ಯಾಲ ಕಂದು, ಅದರ ಹಿಂದ ನೇರಳೆ 270, 280ರ ಹತ್ರ, ಕಡೀಕ ನೀಲಿ. ಕಂದು ದಾಟಿ ನೇರಳೆ ಬಾಯಿ ತುದಿ ಮುಟ್ಟಿದ ಕ್ಷಣ ಮತ್ತ ಅದ್ದಿಬಿಡ್ರಿ. ಈ ಆಟ ಅರ್ಧ ನಿಮಿಷದಾಗ ಮುಗೀತದ, ಆಗ ಫೋನ್ ಬಂದ್ರ ಎತ್ತಬ್ಯಾಡ್ರಿ. ನೀಲಿ ಬಂದುಬಿಟ್ರ ಮತ್ತ ಮೊದಲಿಂದ. ತಲಿ ಕಡೆ ಕೆಂಪಗ ಕಾದಿರಬಾರದು, ಕಾದ್ರ ಬೂದಿಯಾಗ ಇಟ್ಟು ತಾನೇ ಆರಾಕ ಬಿಡ್ರಿ, ತಲಿ ಮೆತ್ತಗೇ ಉಳಿಬೇಕು.

ಆರಿದ ಮ್ಯಾಲ ಕಾನಸು ಎಳೆದು ನೋಡ್ರಿ, ಆಮ್ಯಾಲ ಕನ್ನಡಕ ಹಾಕ್ಕೊಂಡು ಮೈಲ್ಡ್ ಸ್ಟೀಲ್ ಪಟ್ಟಿ ಮ್ಯಾಲ ನಾಲ್ಕು ಗಟ್ಟಿ ಏಟು ಹಾಕ್ರಿ. ಬಾಯಿ ಹಂಗೇ ಇತ್ತಂದ್ರ ಹದ ಕೂತದ. ಚಕ್ಕಿ ಎದ್ರ ಭಾಳ ಗಟ್ಟಿ ಉಳಿದದ, ಚಕ್ಕಿ ಎದ್ದ ಭಾಗ ತಗದು, ಮತ್ತ ಮುಖ ಬೆಳ್ಳಗ ಉಜ್ಜಿ, ಹಿಂದಿನಿಂದ ನಿಧಾನ ಕಾಯಿಸಿ ನೇರಳೆ ಬರಿಸಿ ಅದ್ದಿದ್ರ ಸಾಕು, ಕೆಂಪಗ ಮಾಡೋದು ಬ್ಯಾಡ. ಮಡಚಿದ್ರ ಮೆತ್ತಗ ಆಗ್ಯಾದ, ಅದಕ್ಕ ಕೆಂಪಿನಿಂದಲೇ ಶುರು ಮಾಡ್ಬೇಕು.

ಕೆಲಸ ಮುಗಿದ ಮ್ಯಾಲ ಎಣ್ಣಿ ಬಟ್ಟಿಯಿಂದ ಒರೆಸಿ, ಛೇನಿ ಕಾನಸು ಬ್ಯಾರೆ ಬ್ಯಾರೆ ಇಡ್ರಿ, ಒಂದೇ ಡಬ್ಬಿಯಾಗ ಕೂಡಿ ಹಾಕಿದ್ರ ಛೇನಿ ಬಾಯಿನೂ ಹೋಗ್ತದ, ಕಾನಸಿನ ಹಲ್ಲೂ ಹೋಗ್ತಾವ. ಮತ್ತ ಪಕ್ಕದ ಮನಿ ಕಟ್ಟಡ ಕೆಲಸದವ ಬಂದು ಅಣ್ಣಾರೆ ಫರಸಿ ಕಲ್ಲು ಒಂದೇ ಒಂದು ಕಡಿಬೇಕಿತ್ತು ಛೇನಿ ಕೊಡ್ರಿ ಅಂದ್ರ, ಚಾಣ ಕೊಡ್ರಿ.